ಕೆಳಗಿನ ಪೆನ್ಸಿಲ್ ಸಾಲು

ಹುಮನಾಬಾದಿನ ಸಭೆಯಲ್ಲಿ ಹಾಜರಿ ಪುಸ್ತಕ ನನ್ನ ಕೈಗೆ ಬಂದಾಗ ಸಹಿ ಮಾಡಿ, ಪಕ್ಕದಲ್ಲಿ ಕೂತಿದ್ದ ಹುಡುಗಿಯ ಕಡೆ ಸರಿಸಿದೆ. ಆಕೆ ಪುಟದ ಮೇಲೆ ಒಮ್ಮೆ ಕಣ್ಣಾಡಿಸಿ, ಸಹಿ ಮಾಡದೆ ಹಾಗೆಯೇ ಹಿಂದಿನ ಬೆಂಚಿಗೆ ದಾಟಿಸಿದಳು.

"ಯಾಕವ್ವಾ, ಸಹಿ ಮಾಡಲಿಲ್ಲ?" ಅಂದೆ.

"ನೌಕರಿ ನಂಬರ್ ಬರಿ ಅಂತದ್ರಿ ಮೇಡಂ ಅದರಾಗ. ನಮಗೆಲ್ಲಿಂದ ಬರಬೇಕ್ರಿ ನಂಬರ್? ನಾ ಗೆಸ್ಟ್ ಇದ್ದೀನ್ರಿ."

ಗೆಸ್ಟ್ ಅಂದರೆ ಅತಿಥಿ ಶಿಕ್ಷಕಿ. ಕಾಯಂ ಶಿಕ್ಷಕರಿಲ್ಲದ ಶಾಲೆಗೆ ಒಂದು ವರ್ಷದ ಮಟ್ಟಿಗೆ ತೆಗೆದುಕೊಂಡವರು. ಮುಖ್ಯಗುರು ನಾಳೆಯಿಂದ ಬರಬೇಡ ಅಂದರೆ ನಾಳೆಯಿಂದ ಇಲ್ಲ. ಇಂಥವರಿಗೆ ಅತಿಥಿ ಅಂತ ಹೆಸರಿಟ್ಟವರು ಯಾರೋ, ಅವರ ಮನೆಗೆ ಬಂದ ನೆಂಟರ ಗತಿ ಏನಾಗುತ್ತಿತ್ತೋ ಅಂತ ನಾನು ಬಹಳ ಸಲ ಅಂದುಕೊಂಡಿದ್ದೇನೆ. ಆ ದಿನ ಮಾತ್ರ ಹೆಚ್ಚು ಯೋಚಿಸಲಿಲ್ಲ. ಹಾಜರಿ ಪುಸ್ತಕದಲ್ಲಿ ಒಬ್ಬಳ ಸಹಿ ಇಲ್ಲದಿದ್ದರೆ ಯಾರಿಗೇನು ನಷ್ಟ ಅಂತ ಸುಮ್ಮನಾದೆ.

ಆ ಸಭೆ ನಮ್ಮ ಎರಡೂ ತಾಲೂಕಿನ ಹೈಸ್ಕೂಲು ಇಂಗ್ಲಿಷ್ ಶಿಕ್ಷಕರದು. ಒಂದು ಸಲ ಹುಮನಾಬಾದಿನಲ್ಲಿ, ಒಂದು ಸಲ ಬಸವಕಲ್ಯಾಣದಲ್ಲಿ ಸೇರುತ್ತೇವೆ. ತಮ್ಮ ತರಗತಿಯಲ್ಲಿ ಯಾವ ವಿಧಾನ ಫಲ ಕೊಟ್ಟಿತು ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು, ಅದೇ ಉದ್ದೇಶ. ನಡೆಯುವುದು ಬೇರೆ. ಆ ದಿನವೂ ಹಿರಿಯ ಸರ್ ಒಬ್ಬರು ತಮ್ಮ ಪಾಠದ ವಿಡಿಯೋ ಹಾಕಿ ತೋರಿಸಿದರು. ಮಕ್ಕಳೆಲ್ಲ ಕೈ ಎತ್ತಿ ಪಟಪಟ ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಿದ್ದರು. ಹಿಂದಿನ ದಿನವೇ ಅದೇ ಪಾಠ ಮಾಡಿ, ಉತ್ತರ ಉರು ಹೊಡೆಸಿ, ಓದಲು ಬಾರದವರನ್ನು ಆ ಹೊತ್ತಿಗೆ ಮೈದಾನದ ಕಸ ಆಯಲು ಕಳಿಸಿ ತೆಗೆದ ವಿಡಿಯೋ ಅದು. ನನಗೆ ಹೇಗೆ ಗೊತ್ತು ಅಂದರೆ, ಹಿಂದಿನ ವರ್ಷ ನಾನೂ ಹಾಗೆಯೇ ತೆಗೆದಿದ್ದೆ. ನಾವೆಲ್ಲ ಚಪ್ಪಾಳೆ ಹೊಡೆದೆವು.

ನನ್ನ ಒಂಬತ್ತನೇ ತರಗತಿಯ ಸಂಗತಿ ಹೇಳಬೇಕು. ನನ್ನ ಶಾಲೆ ಕಲ್ಯಾಣದ ಹತ್ತಿರದ ಒಂದು ಹಳ್ಳಿಯಲ್ಲಿದೆ. ಇಂಗ್ಲಿಷ್ ಪುಸ್ತಕದ ಮೇಲೆ ಎರಡನೇ ಭಾಷೆ ಅಂತ ಅಚ್ಚು ಹಾಕಿರುತ್ತಾರೆ. ನನ್ನ ಮಕ್ಕಳಲ್ಲಿ ಕೆಲವರಿಗೆ ಮನೆಯಲ್ಲಿ ಮರಾಠಿ, ಕೆಲವರಿಗೆ ಉರ್ದು, ತಾಂಡಾದವರಿಗೆ ಲಂಬಾಣಿ. ಓಣಿಗೆ ಬಂದರೆ ಕನ್ನಡ, ಮೊಬೈಲು ಹಿಡಿದರೆ ಹಿಂದಿ. ಇಂಗ್ಲಿಷ್ ಅವರಿಗೆ ನಾಲ್ಕನೆಯದೋ ಐದನೆಯದೋ ಆಗುತ್ತದೆ. ನಾನು ಪಾಠ ಓದುತ್ತಿದ್ದೆ, ಕನ್ನಡದಲ್ಲಿ ಅರ್ಥ ಹೇಳುತ್ತಿದ್ದೆ, ಬೋರ್ಡಿನ ಮೇಲೆ ಉತ್ತರ ಬರೆಯುತ್ತಿದ್ದೆ. ಅವರು ಅದನ್ನು ಚಿತ್ರ ಬಿಡಿಸಿದ ಹಾಗೆ ತಮ್ಮ ನೋಟ್ಸ್ ವಹಿಗೆ ಇಳಿಸುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ತಾವು ಬರೆದದ್ದನ್ನು ಓದಲು ಬರುತ್ತಿರಲಿಲ್ಲ. ತಾಂಡಾದಿಂದ ಬರುವ ಒಬ್ಬ ಹುಡುಗಿ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದಳು. ಓದು ಅಂದರೆ ಎದ್ದು ನಿಂತು, ಪುಸ್ತಕ ನೋಡುತ್ತಾ, ನಾನು ಕೂಡು ಅನ್ನುವ ತನಕ ಬಾಯಿ ತೆರೆಯದೆ ನಿಂತೇ ಇರುತ್ತಿದ್ದಳು. ಎಂಟನೇ ತರಗತಿಯಿಂದಲೂ ಹಾಗೇ. ನನಗೆ ಆಕೆಯನ್ನು ನೋಡಿದರೆ ಮೊದಮೊದಲು ಮರುಕ ಬರುತ್ತಿತ್ತು, ಆಮೇಲೆ ಸಿಟ್ಟು ಬರತೊಡಗಿತು.

ಸಭೆ ಮುಗಿದ ಮೇಲೆ ಆ ಅತಿಥಿ ಶಿಕ್ಷಕಿಯೂ ನಾನೂ ಹುಮನಾಬಾದ ಬಸ್ ಸ್ಟ್ಯಾಂಡಿನ ತನಕ ಕೂಡಿಯೇ ನಡೆದೆವು. ಆಕೆ ಬೇಮಳಖೇಡದವಳು. ಅಲ್ಲಿಂದ ದಿನಾ ಇನ್ನೊಂದು ಹಳ್ಳಿಯ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಎರಡೂ ಬಸ್ಸಿಗೆ ಹೊತ್ತಿತ್ತು. ಎದುರಿನ ಹೋಟೆಲಿನಲ್ಲಿ ಚಹಾ ಹೇಳಿದೆ. ವಿಡಿಯೋದ ಮಾತು ಬಂತು. ನನ್ನ ಬಾಯಿ ಸುಮ್ಮನಿರುವುದಲ್ಲ. ಓದಲು ಬಾರದವರನ್ನು ಕಸ ಆಯಲು ಕಳಿಸುವ ಗುಟ್ಟು ಹೇಳಿ, ನಾನೂ ಮಾಡಿದ್ದೇನೆ ಅಂದೆ. ಆಕೆ ನಗಲಿಲ್ಲ. ಬ್ಯಾಗಿನಿಂದ ಒಬ್ಬ ವಿದ್ಯಾರ್ಥಿಯ ವಹಿ ತೆಗೆದಳು.

"ಮೇಡಂ, ನೀವು ಖರೆ ಹೇಳಿದ್ರಿ ಅಂತ ನಾನೂ ತೋರಸಾಕತ್ತೀನಿ. ಯಾರ ಮುಂದೂ ಅನ್ನಬ್ಯಾಡ್ರಿ. ನಮ್ಮ ಹೆಡ್ ಮಾಸ್ತರ ನೋಡಿದ್ರ ನನ್ನ ಕೆಲಸದಿಂದ ತಗೀತಾರ."

ವಹಿಯಲ್ಲಿ ಎಂಟು ಸಾಲಿನ ಒಂದು ಪ್ಯಾರಾ ಇತ್ತು. ಇಂಗ್ಲಿಷ್ ಸಾಲು ಪೆನ್ನಿನಲ್ಲಿ. ಪ್ರತಿ ಸಾಲಿನ ಕೆಳಗೆ ಅದೇ ಉಚ್ಚಾರ, ಕನ್ನಡ ಅಕ್ಷರದಲ್ಲಿ, ಪೆನ್ಸಿಲಿನಿಂದ ಬರೆದಿತ್ತು. ಇದೇನು ಹೊಸದಲ್ಲ. ಮಕ್ಕಳು ಕದ್ದು ಮುಚ್ಚಿ ಮಾಡುವುದೇ ಇದು. ಹೀಗೆ ಬರೆದುಕೊಂಡವರ ವಹಿ ನಾನು ಹರಿದು ಎಸೆದಿದ್ದೇನೆ. ಕನ್ನಡ ಅಕ್ಷರ ಕಣ್ಣಿಗೆ ಬಿದ್ದರೆ ಮಗು ಇಂಗ್ಲಿಷ್ ಅಕ್ಷರ ನೋಡುವುದೇ ಇಲ್ಲ ಅಂತ ನಮ್ಮ ತರಬೇತಿಗಳಲ್ಲಿ ಹೇಳಿ ಹೇಳಿ ತಲೆಗೆ ತುಂಬಿದ್ದಾರೆ.

"ಹೆಂಗೂ ಕದ್ದು ಬರಿತಾರ್ರಿ," ಅಂದಳು ಆಕೆ. "ಕದ್ದು ಬರೆಯೋದು ಬ್ಯಾಡ, ಎದುರಿಗೇ ಬರೀರಿ ಅಂದೆ. ಆದ್ರ ಪೆನ್ಸಿಲ್ಲಾಗೇ ಬರೀಬೇಕು. ಎರಡು ದಿನ ಅದನ್ನ ನೋಡಿ ಓದಲಿ. ಮೂರನೇ ದಿನದಿಂದ ರಬ್ಬರ್ ಕೊಡ್ತೀನಿ. ಯಾವ ಶಬ್ದ ಕನ್ನಡ ಇಲ್ಲದೇ ಓದಾಕ ಬರ್ತದ ಅನಸ್ತದೋ ಅದರ ಕೆಳಗಿಂದು ತಾವೇ ಅಳಸಬೇಕು. ದಿನಕ್ಕೊಂದು ಅಳಸಲಿ, ಹತ್ತು ಅಳಸಲಿ, ನಾ ಏನೂ ಅನ್ನಂಗಿಲ್ಲ. ರಬ್ಬರ್ ಅವರ ಕೈಯಾಗೇ ಇರ್ತದ."

ವಹಿಯ ಪುಟ ತಿರುಗಿಸಿದೆ. ಈಚೆಗೆ ಬರೆದ ಪುಟದಲ್ಲಿ ಕೆಳಗಿನ ಸಾಲು ಪೂರ್ತಿ ಇತ್ತು. ಮೊದಲು ಬರೆದ ಪುಟಗಳಲ್ಲಿ ಅಲ್ಲೊಂದು ಇಲ್ಲೊಂದು ಶಬ್ದ ಉಳಿದಿತ್ತು. ಅಳಿಸಿದ ಜಾಗ ಮಸುಕಾಗಿ ಕಾಗದ ಸವೆದಿತ್ತು. ಹದಿನೇಳು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದ ನನಗೆ ಇದು ಹೊಳೆದಿರಲಿಲ್ಲ. ಸಣ್ಣಗೆ ಹೊಟ್ಟೆಕಿಚ್ಚೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

"ಮೂರನೇ ವಾರಕ್ಕ ಒಂದು ಗೊಂದಲ ಬರ್ತದ್ರಿ," ಅಂತ ಆಕೆ ಶುರು ಮಾಡಿದಳು. "ಅದಕ್ಕೊಂದು ಉಪಾಯ ಮಾಡೀನಿ..."

ಅಷ್ಟರಲ್ಲಿ ಕಲ್ಯಾಣದ ಬಸ್ಸು ಬಂತು. ಮುಂದಿನ ಸಲ ಹೇಳ್ತೀನ್ರಿ ಅಂದಳು. ನಾನು ಹೂಂ ಅಂದು ಓಡಿದೆ. ಬಸ್ಸಿನಲ್ಲಿ ಸೀಟು ಸಿಗುವುದೇ ಆ ಹೊತ್ತಿಗೆ ನನಗೆ ದೊಡ್ಡದಾಗಿತ್ತು.

ಮರುದಿನವೇ ನನ್ನ ತರಗತಿಯಲ್ಲಿ ಶುರು ಮಾಡಿದೆ. ಮೊದಲ ಎರಡು ದಿನ ದಂಗೆಯೇ ಆಯಿತು. ಪೆನ್ಸಿಲ್ ಇದ್ದವರ ಬಳಿ ರಬ್ಬರ್ ಇಲ್ಲ, ರಬ್ಬರ್ ಇದ್ದವರ ಬಳಿ ಪೆನ್ಸಿಲ್ ಇಲ್ಲ. ಪೆನ್ನಿನಲ್ಲಿ ಬರೆದವರು ಉಗುಳು ಹಚ್ಚಿ ಅಳಿಸಲು ಹೋಗಿ ಕಾಗದ ತೂತು ಮಾಡಿದರು. ಕಲ್ಯಾಣದಿಂದ ಒಂದು ಡಬ್ಬಿ ಪೆನ್ಸಿಲ್, ಒಂದು ಡಬ್ಬಿ ರಬ್ಬರ್ ತಂದೆ. ಇನ್ನೊಂದು ತಪ್ಪು ನನ್ನದೇ. ಯಾರು ಜಾಸ್ತಿ ಅಳಿಸುತ್ತೀರಿ ನೋಡೋಣ ಅಂದುಬಿಟ್ಟೆ. ಎಲ್ಲರೂ ಪೈಪೋಟಿಗೆ ಬಿದ್ದು ಇಡೀ ಪುಟ ಅಳಿಸಿ, ಆಮೇಲೆ ಒಂದು ಶಬ್ದವೂ ಓದಲು ಬಾರದೆ ಕೂತರು. ಮತ್ತೆ ಮೊದಲಿನಿಂದ ಬರೆಸಿದೆ. ಈ ಸಲ ಬಾಯಿ ಮುಚ್ಚಿಕೊಂಡು ಬೆಂಚಿನ ನಡುವೆ ಓಡಾಡಿದೆ, ಅಷ್ಟೆ.

ಹತ್ತು ದಿನಕ್ಕೆ ತಾಂಡಾದ ಹುಡುಗಿ ತಾನಾಗಿ ಕೈ ಎತ್ತಿದಳು. ಎದ್ದು ನಿಂತು ನಾಲ್ಕು ಸಾಲು ಓದಿದಳು. ದನಿ ಬಹಳ ಸಣ್ಣದಿತ್ತು. ತರಗತಿ ಗಪ್ಪಾಗಿ ಕೇಳಿತು. ಆಕೆಯ ವಹಿ ನೋಡಿದರೆ ಆ ನಾಲ್ಕು ಸಾಲಿನ ಕೆಳಗೆ ಆರು ಶಬ್ದ ಮಾತ್ರ ಉಳಿದಿದ್ದವು. ನನಗೆ ಕಣ್ಣಲ್ಲಿ ನೀರು ಬಂತು. ಸ್ಟಾಫ್ ರೂಮಿಗೆ ಹೋಗಿ ನೀರು ಕುಡಿದು ಬಂದೆ. ಆ ದಿನ ನಾನು ಮಾಡಬೇಕಿದ್ದ ಮೊದಲ ಕೆಲಸ ಬೇಮಳಖೇಡದ ಹುಡುಗಿಗೆ ಫೋನು ಮಾಡುವುದು. ಮಾಡಲಿಲ್ಲ. ಬದಲಿಗೆ ಪುಟದ ಫೋಟೋ ತೆಗೆದು ಇಟ್ಟುಕೊಂಡೆ.

ಮುಂದಿನ ಸಭೆ ಬಸವಕಲ್ಯಾಣದಲ್ಲಿತ್ತು. ಆಕೆ ಬರಲಿಲ್ಲ. ಅವರ ಮುಖ್ಯಗುರು ಬಿಟ್ಟಿರಲಿಲ್ಲವಂತೆ, ಆಮೇಲೆ ತಿಳಿಯಿತು. ನಾನು ಫೋಟೋ ತೋರಿಸಿ, ವಿಧಾನ ವಿವರಿಸಿ, ನನ್ನ ಮಕ್ಕಳ ವಹಿಗಳನ್ನು ಎಲ್ಲರ ಕೈಗೂ ಕೊಟ್ಟೆ. ಜಿಲ್ಲೆಯ ಇಂಗ್ಲಿಷ್ ವಿಷಯ ನೋಡಿಕೊಳ್ಳುವ ಪರಿವೀಕ್ಷಕರು ಆ ದಿನ ಬಂದಿದ್ದರು. ವಹಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದು ಹ್ಯಾಂಗ ಹೊಳೀತ್ರಿ ಮೇಡಂ ನಿಮಗ?" ಅಂದರು.

ನನ್ನ ಬಾಯಿಯ ತುದಿಗೆ ಬಂದಿತ್ತು. ಹೇಳಬೇಡಿ ಅಂದಿದ್ದಾಳಲ್ಲ, ಹೇಳಿದರೆ ಆಕೆಗೇ ತೊಂದರೆ, ಅಂತ ನನಗೆ ನಾನೇ ಅಂದುಕೊಂಡೆ. ಅದು ನೆಪ. ಆಕೆಯ ಊರು, ಹೆಸರು ಏನೂ ಹೇಳದೆ, ಒಬ್ಬ ಅತಿಥಿ ಶಿಕ್ಷಕಿಯಿಂದ ಕಲಿತೆ ಅನ್ನಬಹುದಿತ್ತು. ಹದಿನೇಳು ವರ್ಷದ ಶಿಕ್ಷಕಿ ನಿನ್ನೆ ಮೊನ್ನೆ ಬಂದ ಹುಡುಗಿಯಿಂದ ಕಲಿತೆ ಅನ್ನಲು ನಾಲಿಗೆ ಏಳಲಿಲ್ಲ.

"ಮಕ್ಕಳನ್ನ ನೋಡ್ತಾ ನೋಡ್ತಾ ಹೊಳೀತ್ರಿ ಸರ್," ಅಂದೆ.

ಪರಿವೀಕ್ಷಕರು ಅದಕ್ಕೆ ಸೇತುಲಿಪಿ ವಿಧಾನ ಅಂತ ಅಲ್ಲಿಯೇ ಹೆಸರಿಟ್ಟರು. ಕೈಪಿಡಿ ಮಾಡೋಣ, ಎಲ್ಲ ಶಾಲೆಗೂ ಕಳಿಸೋಣ ಅಂದರು. ಶಿಕ್ಷಕರ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಫೋಟೋ ಬಂತು. ಕೈಮುಗಿದ ಚಿತ್ರ, ಹೂವಿನ ಚಿತ್ರ ಸಾಲಾಗಿ ಬಂದವು. ಅತಿಥಿ ಶಿಕ್ಷಕರನ್ನು ಆ ಗ್ರೂಪಿಗೆ ಸೇರಿಸಿಕೊಂಡಿರಲಿಲ್ಲ.

ಅದೇ ತಿಂಗಳು ಬೇಮಳಖೇಡದ ಹುಡುಗಿ ಕಲಿಸುತ್ತಿದ್ದ ಶಾಲೆಗೆ ತನಿಖೆಗೆ ಬೇರೊಬ್ಬ ಅಧಿಕಾರಿ ಬಂದರು. ಒಂಬತ್ತನೆಯ ತರಗತಿಯ ಇಂಗ್ಲಿಷ್ ವಹಿ ತೆರೆದರು. ಇಂಗ್ಲಿಷ್ ವಹಿಯಲ್ಲಿ ಕನ್ನಡ. ಶಿಕ್ಷಕಿಗೆ ತನಗೇ ಇಂಗ್ಲಿಷ್ ಓದಲು ಬರುವುದಿಲ್ಲ, ಮಕ್ಕಳಿಗೂ ಕನ್ನಡದಲ್ಲಿ ಬರೆಸುತ್ತಾಳೆ ಅಂತ ಷರಾ ಬರೆದು ಹೋದರು. ಸಂಜೆ ಆಕೆ ನನಗೆ ಫೋನು ಮಾಡಿದಳು.

"ಮೇಡಂ, ನನ್ನ ತಗೀತಾರಂತ್ರಿ. ಸೋಮವಾರ ಒಂದ ಹತ್ತು ಮಿನಿಟ್ ಬಂದು ನಮ್ಮ ಹೆಡ್ ಮಾಸ್ತರಿಗೆ ಹೇಳ್ತೀರೇನ್ರಿ? ಇದು ಓದ್ಸೋ ಪದ್ಧತಿ, ಬರದೇ ಇರೋದಕ್ಕ ಮಾಡಿದ್ದಲ್ಲ ಅಂತ. ನಾ ಹೇಳಿದ್ರ ಕೇಳವಲ್ರು. ನೀವು ಕಾಯಂ ಇದ್ದೀರಿ, ನಿಮ್ಮ ಮಾತಿಗಿ ಕಿಮ್ಮತ್ತದ."

"ಬರ್ತೀನವ್ವಾ. ಫಿಕರ್ ಮಾಡಬ್ಯಾಡ," ಅಂದೆ.

"ಮಕ್ಕಳದು ಅರ್ಧ ಆಗ್ಯಾದ್ರಿ. ಈಗ ಬಿಟ್ರ ಎರಡೂ ಕಡಿಗಿ ಇಲ್ಲದಂಗ ಆಗ್ತಾರ," ಅಂದಳು. ತನ್ನ ನೌಕರಿಯ ಮಾತು ಒಂದೇ ಸಲ ಆಡಿದವಳು ಈ ಮಾತನ್ನು ಎರಡು ಸಲ ಹೇಳಿದಳು.

ಆಕೆಗೆ ನನ್ನ ಫೋಟೋದ ಸುದ್ದಿ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ.

ಸೋಮವಾರ ರಜೆ ಹಾಕಿ, ತೋರಿಸಲು ನನ್ನ ಮಕ್ಕಳ ವಹಿಗಳನ್ನೂ ಹಿಡಿದುಕೊಂಡು, ಹೆದ್ದಾರಿಯ ಮೇಲೆ ಸಸ್ತಾಪುರ ಬಂಗ್ಲಾದ ಹತ್ತಿರ ಹುಮನಾಬಾದ ಕಡೆಯ ಬಸ್ಸಿಗೆ ನಿಂತೆ. ಪರಿವೀಕ್ಷಕರ ಫೋನು ಬಂತು. ಕೈಪಿಡಿಯ ಕರಡು ಇವತ್ತೇ ಬೇಕು, ಕಲ್ಯಾಣದಲ್ಲಿ ಇದ್ದೇನೆ, ವಹಿಗಳನ್ನೆಲ್ಲ ತಗೊಂಡು ಬರ್ರಿ ಅಂದರು. ಬೇರೆ ಕೆಲಸ ಇದೆ ಸರ್, ನಾಳೆ ಬರುತ್ತೇನೆ ಅನ್ನಬಹುದಿತ್ತು. ಅಲ್ಲಿ ನಿಂತು ಲೆಕ್ಕ ಹಾಕಿದ್ದು ಬೇರೆ. ಆ ಮುಖ್ಯಗುರುವಿನ ಕೋಣೆಯಲ್ಲಿ ಕೂತು ಮಾತಾಡತೊಡಗಿದರೆ, ಇದು ಮೊದಲು ಯಾರದು ಅನ್ನುವ ಮಾತು ಬಂದೇ ಬರುತ್ತದೆ. ಆಕೆಯ ವಹಿಗಳ ಮೇಲಿನ ತಾರೀಖು ನನ್ನ ಮಕ್ಕಳ ವಹಿಗಿಂತ ಹಿಂದಿನವು. ಅಲ್ಲಿ ನಿಜ ಹೇಳಿದರೆ ಕಲ್ಯಾಣದ ಸಭೆಯಲ್ಲಿ ಹೇಳಿದ್ದು ಸುಳ್ಳಾಗುತ್ತದೆ. ಹುಮನಾಬಾದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬರ್ರಿ ಅಕ್ಕಾ ಅಂದ. ನಾನು ರಸ್ತೆ ದಾಟಿ ಕಲ್ಯಾಣದ ಆಟೋ ಹತ್ತಿದೆ.

ಆಟೋದಿಂದಲೇ ಆ ಮುಖ್ಯಗುರುವಿಗೆ ಫೋನು ಮಾಡಿದೆ. ಹೋಗಲಿಲ್ಲ ಅನ್ನುವ ಪಾಪ ಕಳೆಯಲು.

"ಸರ್, ನಿಮ್ಮ ಗೆಸ್ಟ್ ಟೀಚರ್ ಮಾಡಾಕತ್ತಿದ್ದು ತಪ್ಪಲ್ರಿ. ನಾನೂ ಅದೇ ಮಾಡಾಕತ್ತೇನಿ."

"ಗೊತ್ತದ ಮೇಡಂ. ಗ್ರೂಪಿನಾಗ ನೋಡೀನಲ್ಲ. ನಿಮ್ಮದು ಸೇತುಲಿಪಿ. ಅದನ್ನ ಎಲ್ಲೋ ಕೇಳಿ ಈಕಿ ಅರ್ಧಮರ್ಧ ನಕಲ್ ಹೊಡದಾಳ. ಅದಕ್ಕ ಹಿಂಗಾಗ್ಯಾದ."

ಆಟೋದ ಸಪ್ಪಳ ದೊಡ್ಡದಿತ್ತು. ಅವರು ಎರಡು ಸಲ ಹಲೋ ಅಂದರು.

"ಹಂಗಲ್ರಿ ಸರ್. ನಾವೆಲ್ಲ ಶಿಕ್ಷಕರು ಕೂಡಿ ಚರ್ಚಾ ಮಾಡಿದ್ದದು," ಅಂದೆ.

"ಈಕಿ ಯಾವ ಚರ್ಚಾಕ ಬಂದಾಳ್ರಿ? ನಾ ಒಂದು ಸರ್ತಿ ಕಳಿಸಿದ್ದೆ, ಅವತ್ತಿನ ಹಾಜರಿನೂ ತರಿಸಿ ನೋಡೀನಿ. ಈಕಿ ಸಹಿನೇ ಇಲ್ಲ. ಸಭಾ ಬಿಟ್ಟು ಎಲ್ಲಿ ಹೋಗಿದ್ದಳೋ ಯಾರಿಗಿ ಗೊತ್ತು."

ಆಕೆ ನನ್ನ ಪಕ್ಕದಲ್ಲಿ ಕೂತಿದ್ದಳು ಸರ್, ಪುಸ್ತಕ ಆಕೆಯ ಕೈಗೆ ಕೊಟ್ಟವಳೇ ನಾನು. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ನಾನು ಹೇಳಲಿಲ್ಲ. ಜರಾ ವಿಚಾರ ಮಾಡ್ರಿ ಸರ್, ಪಾಪ, ಬಡವರ ಹುಡುಗಿ ಅಂದೆ. ಕೆಲಸ ಬಲ್ಲವಳು ಅನ್ನುವ ಬದಲು ಪಾಪದವಳು ಅಂದೆ. ಇವತ್ತಿಗೂ ಆ ಶಬ್ದ ನೆನಪಾದರೆ ನನ್ನ ಮೇಲೆ ನನಗೇ ಅಸಹ್ಯ ಆಗುತ್ತದೆ.

ಮರುದಿನದಿಂದ ಆಕೆಯನ್ನು ಬರಬೇಡ ಅಂದರು. ಆಕೆ ನನಗೆ ಮತ್ತೆ ಫೋನು ಮಾಡಲಿಲ್ಲ. ನಾನು ಎರಡು ಸಲ ಮಾಡಿದೆ, ಎತ್ತಲಿಲ್ಲ. ಮೂರನೆಯ ಸಲ ಮಾಡುವ ಧೈರ್ಯ ನನಗಿರಲಿಲ್ಲ.

ನನ್ನ ತರಗತಿಯ ಕಥೆಯೂ ಆ ಹೊತ್ತಿಗೆ ಕೆಡತೊಡಗಿತ್ತು. ಒಂದು ದಿನ ತಾಂಡಾದ ಹುಡುಗಿ ಎದ್ದು ಚೊಕ್ಕವಾಗಿ ಎಂಟೂ ಸಾಲು ಓದಿದಳು. ಹತ್ತಿರ ಹೋಗಿ ನೋಡಿದರೆ ಆಕೆ ತೆರೆದಿದ್ದ ಪುಟವೇ ಬೇರೆ. ಕೆಳಗಿನ ಸಾಲನ್ನು ಓದಿ ಓದಿ ಅದು ಬಾಯಿಗೆ ಬಂದುಬಿಟ್ಟಿತ್ತು. ಅಕ್ಷರ ನೋಡುವ ಅಗತ್ಯವೇ ಉಳಿದಿರಲಿಲ್ಲ. ಒಬ್ಬೊಬ್ಬರನ್ನೇ ಪರೀಕ್ಷೆ ಮಾಡಿದೆ. ಕೆಲವರು ನಿಜವಾಗಿ ಓದುತ್ತಿದ್ದರು. ಸುಮಾರು ಅರ್ಧ ಮಂದಿ ಉರು ಹೇಳುತ್ತಿದ್ದರು. ಮೂರನೇ ವಾರದ ಗೊಂದಲ ಅಂದರೆ ಇದೇ ಅಂತ ಆಗ ಗೊತ್ತಾಯಿತು. ಉಪಾಯ ಗೊತ್ತಿದ್ದವಳು ಒಬ್ಬಳೇ. ಆಕೆಯ ಮಾತು ಪೂರ್ತಿ ಕೇಳದೆ ನಾನು ಬಸ್ಸಿಗೆ ಓಡಿದ್ದೆ.

ಕೈಪಿಡಿಯಲ್ಲಿ ಈ ಗೊಂದಲದ ಮಾತು ಬರೆಯಲಿಲ್ಲ. ಬರೆದರೆ ಪರಿವೀಕ್ಷಕರು ಬಿಡುತ್ತಿರಲಿಲ್ಲ ಅನ್ನುವುದು ಅರ್ಧ ನಿಜ. ನನಗೂ ಬೇಡವಾಗಿತ್ತು. ಅಚ್ಚಾಗಿ ಬಂದಾಗ ಮೊದಲ ಪುಟದಲ್ಲಿ ನನ್ನ ಹೆಸರು, ಫೋಟೋ, ನನ್ನ ಶಾಲೆಯ ಹೆಸರು ಇದ್ದವು. ಒಂದು ಪ್ರತಿ ಆಕೆಯನ್ನು ತೆಗೆದುಹಾಕಿದ ಆ ಶಾಲೆಗೂ ಹೋಯಿತು. ಅಲ್ಲಿ ಹೊಸದಾಗಿ ಬಂದ ಅತಿಥಿ ಶಿಕ್ಷಕರಿಗೆ ಈ ಕೈಪಿಡಿಯ ಪ್ರಕಾರ ಪಾಠ ಮಾಡ್ರಿ ಅಂತ ಮುಖ್ಯಗುರು ಕೊಟ್ಟರಂತೆ. ಸಹೋದ್ಯೋಗಿಯೊಬ್ಬರು ಖುಷಿಯಿಂದ ನನಗೆ ಈ ಸುದ್ದಿ ತಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವರು ಹೊಗಳುತ್ತಿದ್ದರೂ ನಾನು ನಡುನಡುವೆ ಅವರ ಮುಖ ನೋಡುತ್ತಿದ್ದೆ, ಗೊತ್ತಿದ್ದು ಆಡುತ್ತಿದ್ದಾರೋ ಅಂತ.

ಆಮೇಲೆ ತರಬೇತಿ ಬಂತು. ಹುಮನಾಬಾದಿನಲ್ಲಿ, ಅದೇ ಸಭಾಂಗಣದಲ್ಲಿ. ಕಲಿಸುವವಳು ನಾನು. ಖಾಸಗಿ ಶಾಲೆಯವರನ್ನೂ ಕರೆದಿದ್ದರು. ಪರದೆ ಹಚ್ಚಿ, ಮೈಕು ಹಿಡಿದು ನಿಂತಾಗ ಮೂರನೇ ಸಾಲಿನಲ್ಲಿ ಆಕೆ ಕೂತಿದ್ದಳು. ಚಿಟಗುಪ್ಪದ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಒಂದನೇ ತರಗತಿಗೆ ಶಿಕ್ಷಕಿಯಾಗಿ ಸೇರಿದ್ದಳಂತೆ. ಆಡಳಿತ ಮಂಡಳಿಯವರು ಇದನ್ನು ಕಲಿತು ಬಾ ಅಂತ ಕಳಿಸಿದ್ದರು. ಹಾಜರಿ ಹಾಳೆ ಆಕೆಯ ತನಕ ಹೋಯಿತು. ಈ ಸಲ ಖಾಸಗಿ ಶಾಲೆಯವರಿಗೆ ಬೇರೆ ಹಾಳೆ ಇತ್ತು, ನಂಬರ್ ಕೇಳುತ್ತಿರಲಿಲ್ಲ. ತರಬೇತಿ ಪಡೆಯುವವರ ಪಟ್ಟಿಯಲ್ಲಿ ಆಕೆ ಸಹಿ ಮಾಡಿದಳು.

ನಾನು ಮಾತಾಡಿದೆ. ಪೆನ್ನು ಮೇಲೆ, ಪೆನ್ಸಿಲ್ ಕೆಳಗೆ, ರಬ್ಬರ್ ಮಗುವಿನ ಕೈಯಲ್ಲಿ. ಆಕೆಯ ಮಾತುಗಳೇ ನನ್ನ ಬಾಯಿಂದ ಒಂದೊಂದಾಗಿ ಬಂದವು. ಆಕೆ ವಹಿ ತೆರೆದು ಬರೆದುಕೊಳ್ಳುತ್ತಿದ್ದಳು. ಏನು ಬರೆಯುತ್ತಿದ್ದಳೋ ದೇವರೇ ಬಲ್ಲ. ನಡುವೆ ಎರಡು ಸಲ ನೀರು ಕುಡಿದೆ. ಕೊನೆಗೆ ಏನಾದರೂ ಪ್ರಶ್ನೆ ಇದ್ದರೆ ಕೇಳ್ರಿ ಅಂದೆ. ಇಂಥ ತರಬೇತಿಯಲ್ಲಿ ಯಾರೂ ಕೇಳುವುದಿಲ್ಲ, ಊಟದ ಹೊತ್ತಾಗಿರುತ್ತದೆ.

ಆಕೆ ಕೈ ಎತ್ತಿದಳು.

"ಮೂರನೇ ವಾರಕ್ಕ ಮಕ್ಕಳಿಗಿ ಪ್ಯಾರಾ ಬಾಯಿಪಾಠ ಆಗಿರ್ತದಲ್ರಿ ಮೇಡಂ. ಅಳಿಸಿದ ಮ್ಯಾಲ ಓದಾಕತ್ತಾರೋ, ಉರು ಹೇಳಾಕತ್ತಾರೋ, ಹ್ಯಾಂಗ ತಿಳ್ಕೋಬೇಕ್ರಿ?"

ದನಿಯಲ್ಲಿ ಕುಹಕ ಇರಲಿಲ್ಲ. ಪರೀಕ್ಷೆ ಮಾಡುವ ಧಾಟಿಯೂ ಅಲ್ಲ. ಕೆಲಸ ಮಾಡಿದವರು ಮಾತ್ರ ಕೇಳುವ ಪ್ರಶ್ನೆ ಅದು. ಸಭಾಂಗಣ ಕಾಯಿತು. ಪರಿವೀಕ್ಷಕರು ಗಡಿಯಾರ ನೋಡಿಕೊಂಡರು.

"ನನಗ ಗೊತ್ತಿಲ್ಲ," ಅಂದೆ. ಅಷ್ಟು ಅಂದ ಮೇಲೆ ಉಳಿದದ್ದೂ ಬಂತು. "ಈ ಪದ್ಧತಿ ನನ್ನದಲ್ಲ. ಈಗ ಕೇಳಿದ್ರಲ್ಲ, ಆ ಟೀಚರ್ ಮಾಡಿದ್ದದು. ನಾ ಅವರಿಂದ ಅರ್ಧ ಕಲ್ತು, ಪೂರಾ ನನ್ನದಂತ ಹೇಳೀನಿ. ಇದರ ಸಲುವಾಗಿ ಅವರ ನೌಕರಿ ಹೋತು. ನಾ ಸುಮ್ಮನಿದ್ದೆ."

ಪರಿವೀಕ್ಷಕರು ಎದ್ದು ನನ್ನ ಕೈಯಿಂದ ಮೈಕು ತೆಗೆದುಕೊಂಡರು.

"ನೋಡ್ರಿ, ಇದಕ್ಕಂತಾರ ದೊಡ್ಡ ಮನಸ್ಸು. ಇಷ್ಟು ದೊಡ್ಡ ಕೆಲಸ ಮಾಡಿ, ಹೆಸರು ಒಬ್ಬ ಸಣ್ಣ ಟೀಚರಿಗಿ ಬಿಟ್ಟುಕೊಡಾಕತ್ತಾರ. ಹಂಚಿಕೊಳ್ಳೋದು ಅಂದ್ರ ಇದು."

ಎಲ್ಲರೂ ಚಪ್ಪಾಳೆ ಹೊಡೆದರು. ಹಂಗಲ್ರಿ ಸರ್, ಖರೆ ಹೇಳಾಕತ್ತೇನಿ ಅಂದೆ. ಮೈಕಿಲ್ಲದ ದನಿ ಮುಂದಿನ ಸಾಲಿಗೂ ಮುಟ್ಟಲಿಲ್ಲ. ನಾನು ಬೇಡ ಬೇಡ ಅಂದಷ್ಟೂ ಚಪ್ಪಾಳೆ ಜಾಸ್ತಿ ಆಯಿತು. ಇಷ್ಟು ವರ್ಷ ಈ ಸಭೆಗಳಲ್ಲಿ ಸುಳ್ಳಿಗೆ ಚಪ್ಪಾಳೆ ಹೊಡೆದು ಹೊಡೆದು, ನಿಜ ಬಂದಾಗಲೂ ನಮ್ಮ ಕೈಗೆ ಬೇರೆ ಏನೂ ಮಾಡಲು ಗೊತ್ತಿರಲಿಲ್ಲ. ಆಕೆ ಒಬ್ಬಳೇ ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಊಟಕ್ಕೆ ಬಿಟ್ಟಾಗ ಸಾಲಿನಲ್ಲಿ ನಿಲ್ಲದೆ ಹೊರಟುಹೋದಳು.

ನಾನು ಬಸ್ ಸ್ಟ್ಯಾಂಡಿಗೆ ಓಡಿದೆ. ಬೇಮಳಖೇಡದ ಬಸ್ಸು ಇನ್ನೂ ಬಂದಿರಲಿಲ್ಲ. ಆಕೆ ಕಟ್ಟೆಯ ಮೇಲೆ ಬ್ಯಾಗು ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಕೂತೆ.

"ತಪ್ಪಾತವ್ವಾ," ಅಂದೆ.

"ನೀವು ಫೋನ್ ಮಾಡಿದ್ದು ಹೆಡ್ ಮಾಸ್ತರೇ ಅಂದ್ರು. ಇವತ್ತ ಹೇಳಿದ್ದನ್ನ ಅವತ್ತ ಅವರಿಗಿ ಫೋನಿನಾಗ ಹೇಳಿದ್ರ ಸಾಕಾಗಿತ್ರಿ," ಅಂದಳು. "ಅಲ್ಲಿ ನೀವಿಬ್ರೇ ಇದ್ರಿ. ಚಪ್ಪಾಳಿ ಹೊಡಿಯೋರು ಇರಲಿಲ್ಲ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ನನ್ನ ಅವ್ವ ಅನ್ನುತ್ತಿದ್ದಳು. ಮತ್ತೆ ಆ ಶಾಲೆಗೆ ಸೇರಿಸಿಕೊಳ್ಳಲು ನಾನು ಬರೆದು ಕೊಡುತ್ತೇನೆ, ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ ಅಂದೆ. ಆಕೆ ತಲೆ ಅಲ್ಲಾಡಿಸಿದಳು.

"ಅಲ್ಲಿ ಬ್ಯಾರೇದವರು ಬಂದಾರ್ರಿ. ಅವರೂ ಗೆಸ್ಟೇ. ನಾ ಹೋದ್ರ ಅವರನ್ನ ತಗೀತಾರ." ಬ್ಯಾಗು ಹತ್ತಿರ ಎಳೆದುಕೊಂಡು ಕೇಳಿದಳು, "ನನ್ನ ಮಕ್ಕಳದು ಏನಾಯ್ತಂತ ಗೊತ್ತದೇನ್ರಿ? ಕೆಳಗಿನ ಸಾಲು ಹಂಗೇ ಉಳಿದದಂತ. ಕೈಪಿಡಿಯಾಗ ಮುಂದಿಂದು ಇಲ್ಲಂತ ಅವರು ಬಿಟ್ಟುಬಿಟ್ಟಾರ."

ಆ ಮಾತಿಗೆ ನಾನು ಅತ್ತೆ. ಆಕೆ ಅಳಬೇಡಿ ಅನ್ನಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಜನ ನೋಡುತ್ತಿದ್ದರು, ನೋಡಲಿ ಅಂದುಕೊಂಡೆ.

"ನಿಮ್ಮ ಮಕ್ಕಳೂ ಉರು ಹೇಳ್ತಾರೇನ್ರಿ?" ಅಂದಳು.

"ಅರ್ಧ ಮಂದಿ."

"ವಹಿ ತಗೀರಿ. ಬರ್ಕೊಳ್ರಿ."

ನಾನು ವಹಿ ತೆಗೆದೆ. ಆಕೆ ತರಗತಿಯಲ್ಲಿ ಉಕ್ತಲೇಖನ ಹೇಳುವ ಹಾಗೆ ನಿಧಾನಕ್ಕೆ, ತಡೆತಡೆದು ಹೇಳಿದಳು. ಸಾಲನ್ನು ಕೊನೆಯ ಶಬ್ದದಿಂದ ಹಿಂದಕ್ಕೆ ಓದಿಸಬೇಕು. ಉರು ಹೊಡೆದದ್ದು ಹಿಂದಕ್ಕೆ ಬರುವುದಿಲ್ಲ, ಓದುವವರಿಗೆ ಮಾತ್ರ ಬರುತ್ತದೆ. ಎಲ್ಲಿ ಮಗು ನಿಲ್ಲುತ್ತದೋ ಆ ಶಬ್ದದ ಕೆಳಗೆ ಮತ್ತೆ ಪೆನ್ಸಿಲಿನಿಂದ ಬರೆಯಬೇಕು, ಬೈಯಬಾರದು. ಮರುದಿನ ಅವೇ ಶಬ್ದ ಹಾಕಿ ಹೊಸ ಪ್ಯಾರಾ ಕೊಡಬೇಕು, ಅದರ ಕೆಳಗೆ ಕನ್ನಡ ಬರೆಯಲು ಬಿಡಬಾರದು. ಇಷ್ಟೇ. ಅರ್ಧ ಪುಟವೂ ಆಗಲಿಲ್ಲ. ಆ ದಿನ ಬಸ್ಸು ಐದು ನಿಮಿಷ ತಡವಾಗಿ ಬಂದಿದ್ದರೆ ಚಹಾದ ಹೋಟೆಲಿನಲ್ಲೇ ಇದು ನನಗೆ ಸಿಗುತ್ತಿತ್ತು.

"ಮಕ್ಕಳ ಸಲುವಾಗಿ ಹೇಳೀನ್ರಿ," ಅಂದಳು. "ನಿಮ್ಮ ಸಲುವಾಗಿ ಅಲ್ಲ. ನನ್ನ ಹಿಂದಿನ ಶಾಲೆಯವರಿಗೂ ಮುಟ್ಟಸ್ರಿ."

"ಮುಟ್ಟಸ್ತೀನಿ. ಖುದ್ದ ಹೋಗ್ತೀನಿ."

"ಕೊಡ್ರಿಲ್ಲಿ, ನೋಡ್ತೀನಿ."

ವಹಿ ಕೊಟ್ಟೆ. ಆಕೆ ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ನನ್ನ ಬ್ಯಾಗಿನ ಕೆಂಪು ಪೆನ್ನು ಕೇಳಿ ತೆಗೆದುಕೊಂಡಳು. ಒಂದು ಕಡೆ ನಾನು ಬಿಟ್ಟಿದ್ದ ಮಾತು ಸೇರಿಸಿದಳು. ಬೇಮಳಖೇಡದ ಬಸ್ಸು ಬಂದು ನಿಂತಿತು, ಜನ ನುಗ್ಗಿದರು. ಆಕೆ ಅವಸರ ಮಾಡಲಿಲ್ಲ. ನಾವು ಮಕ್ಕಳ ವಹಿ ತಿದ್ದಿದ ಮೇಲೆ ಮಾಡುವ ಹಾಗೆ, ಬರೆದದ್ದರ ಕೆಳಗೆ ಒಂದು ಗೆರೆ ಎಳೆದು, ಪೂರ್ತಿ ಹೆಸರಿನ ಸಹಿ ಮಾಡಿ, ತಾರೀಖು ಹಾಕಿದಳು. ಪೆನ್ನಿನ ಮುಚ್ಚಳ ಹಾಕಿ ನನಗೆ ವಾಪಸು ಕೊಟ್ಟು ಬಸ್ಸು ಹತ್ತಿದಳು.